ಬಚ್ಚಲಿಂದ ತೂರಾಡುತ್ತ ಬಂದ ವಾಸಪ್ಪ

ಹೊಸನಗರದ ವಾಸಪ್ಪ ಕುಡಿಯುತ್ತಾನೆ ಎಂಬ ಸುದ್ದಿ ಹಬ್ಬಿದ್ದು ಅರವತ್ತೈದನೇ ಇಸವಿಯ ಬೇಸಿಗೆಯಲ್ಲಿ. ಅದು ಪಾನನಿರೋಧದ ಕಾಲ. ಹೆಂಡವಾಗಲಿ ಸಾರಾಯಿಯಾಗಲಿ ಯಾವ ಅಂಗಡಿಯಲ್ಲೂ ಸಿಗುತ್ತಿರಲಿಲ್ಲ. ಕಾಡಿನೊಳಗೆ ಕದ್ದು ಕಾಯಿಸುವವರಿದ್ದಾರೆ ಎಂದು ಎಲ್ಲರೂ ಹೇಳುತ್ತಿದ್ದರು, ಜಾಗ ಗೊತ್ತಿದ್ದವರು ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಅಂಥದ್ದರಲ್ಲಿ ಒಬ್ಬ ಮನುಷ್ಯ ದಿನಾ ಸಂಜೆ ಬಸ್ಸಿಳಿದು, ಪೇಟೆಯ ನಡುಬೀದಿಯಲ್ಲಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲುತ್ತ ಮನೆಗೆ ಹೋದರೆ ಜನಕ್ಕೆ ಸಿಟ್ಟಿಗಿಂತ ಹೊಟ್ಟೆಕಿಚ್ಚೇ ಹೆಚ್ಚಾಗಿ ಬಂತು.

ವಾಸಪ್ಪ ಬಸ್ ಕಂಡಕ್ಟರ್. ತೀರ್ಥಹಳ್ಳಿಯಿಂದ ಹೊಸನಗರದ ಮೇಲೆ ಸಾಗರಕ್ಕೆ ಹೋಗಿ ಬರುವ ಮಂಜುನಾಥಪ್ಪನವರ ಖಾಸಗಿ ಬಸ್ಸಿನಲ್ಲಿ ಹತ್ತು ವರ್ಷದಿಂದ ಸೀಟಿ ಊದುತ್ತಿದ್ದ. ಅಪ್ಪ ಗೇಣಿ ಗದ್ದೆ ಮಾಡುತ್ತಿದ್ದವನು, ಮಗನಿಗೆ ಖಾಕಿ ಅಂಗಿ ಸಿಕ್ಕಿದ್ದನ್ನು ಊರಿಗೆಲ್ಲ ಹೇಳಿಕೊಂಡು ಬಂದಿದ್ದ. ವಾಸಪ್ಪನಿಗೆ ಹೆಂಡ ಹಾಗಿರಲಿ, ಬೀಡಿಯ ಚಟವೂ ಇರಲಿಲ್ಲ. ಚಹಾ ಕುಡಿದರೆ ಎದೆ ಉರಿಯುತ್ತದೆಂದು ಹೆಂಡತಿ ದುಗ್ಗಮ್ಮ ಮಾಡಿಕೊಡುವ ಜೀರಿಗೆ ಕಷಾಯವನ್ನೇ ಶೀಷೆಯಲ್ಲಿ ತುಂಬಿಸಿಕೊಂಡು ಹೋಗುತ್ತಿದ್ದ.

ಅವನ ಮೈಯಲ್ಲಿ ಏನೋ ಸರಿಯಿಲ್ಲ ಎಂದು ಮೊದಲು ತಿಳಿಸಿದ್ದು ಬಲಗಣ್ಣು. ಅದಕ್ಕೂ ಎರಡು ವರ್ಷ ಹಿಂದೆ ಒಂದು ಬೆಳಿಗ್ಗೆ ಆ ಕಣ್ಣಿಗೆ ಹೊಗೆ ಹಿಡಿದ ಹಾಗಾಯಿತು. ಕೆಂಪು ಟಿಕೇಟು ಒಂದು ಕಣ್ಣಿಗೆ ಕೆಂಪಗೆ, ಇನ್ನೊಂದು ಕಣ್ಣಿಗೆ ಕಾವಿ ಬಣ್ಣದಲ್ಲಿ ಕಾಣುತ್ತಿತ್ತು. ದುಗ್ಗಮ್ಮ ನಂದಿಬಟ್ಟಲ ಹೂವಿನ ರಸ ಬಿಟ್ಟಳು. ತಿಂಗಳೊಪ್ಪತ್ತಿನಲ್ಲಿ ಕಣ್ಣು ತಾನಾಗಿಯೇ ಸರಿಹೋಯಿತು, ಹೆಸರು ಮಾತ್ರ ಹೂವಿಗೆ ಬಂತು. ಆಮೇಲೆ ಕತ್ತು ಬಗ್ಗಿಸಿದಾಗ ಬೆನ್ನಿನುದ್ದಕ್ಕೂ ಕರೆಂಟು ಹರಿದಂತಾಗಲು ಶುರುವಾಯಿತು. ಚಿಲ್ಲರೆ ಎಣಿಸಲು ತಲೆ ತಗ್ಗಿಸಿದರೆ ಸಾಕು, ಜುಮ್ ಎಂದು ಕಾಲಿನವರೆಗೆ ಇಳಿಯುತ್ತಿತ್ತು.

"ಜೋಗದಿಂದ ನಿಮ್ಮೊಬ್ಬರಿಗೇ ಬೇರೆ ಲೈನು ಎಳೆದಿದ್ದಾರಾ ಹೆಂಗೆ?" ಎಂದು ದುಗ್ಗಮ್ಮ ಕೇಳಿದ್ದಳು.

"ಬಿಲ್ಲು ಬರದಿದ್ರೆ ಆಯ್ತು," ಎಂದಿದ್ದ ವಾಸಪ್ಪ. ಇಬ್ಬರೂ ನಕ್ಕು ಸುಮ್ಮನಾಗಿದ್ದರು.

ಈಗ ಬಂದಿದ್ದು ಕಾಲಿಗೆ. ಎಡಗಾಲು ತನ್ನದಲ್ಲವೇನೋ ಎಂಬಂತೆ ಎಳೆಯುತ್ತಿತ್ತು. ಬೆಳಿಗ್ಗೆ ತಂಪು ಹೊತ್ತಿನಲ್ಲಿ ಏನೂ ಇರುತ್ತಿರಲಿಲ್ಲ. ಬಿಸಿಲು ಏರಿ, ಎಂಜಿನ್ನಿನ ಕಾವೂ ಸೇರಿಕೊಂಡಾಗ ಕಾಲು ಮಾತು ಕೇಳುತ್ತಿರಲಿಲ್ಲ. ವಿಚಿತ್ರವೆಂದರೆ ಬಸ್ಸಿನೊಳಗೆ ಯಾರಿಗೂ ಇದು ತಿಳಿಯಲಿಲ್ಲ. ಆ ರಸ್ತೆಯಲ್ಲಿ ಎಲ್ಲರೂ ವಾಲುವವರೇ. ವಾಲುವವರ ನಡುವೆ ಹತ್ತು ವರ್ಷ ನಿಂತು ಅಭ್ಯಾಸವಾದ ವಾಸಪ್ಪ, ಕಂಬಿ ಹಿಡಿದುಕೊಂಡು ಉಳಿದವರಿಗಿಂತ ನೆಟ್ಟಗೇ ಕಾಣುತ್ತಿದ್ದ. ನೆಲ ಅಲುಗಾಡದೆ ನಿಂತಾಗಲೇ ಅವನ ತೊಂದರೆ.

ದುಗ್ಗಮ್ಮನೂ ಮೊದಮೊದಲು ಅನುಮಾನಪಟ್ಟಳು. ಒಂದು ಸಂಜೆ ಬಾಗಿಲಲ್ಲೇ ನಿಲ್ಲಿಸಿ, "ಬಾಯಿ ತೆಗೀರಿ," ಎಂದಳು. ಅವನು ತೆಗೆದ. ಅವಳು ಮೂಸಿದಳು. ಜೀರಿಗೆಯ ವಾಸನೆ ಬಿಟ್ಟು ಬೇರೇನೂ ಇರಲಿಲ್ಲ. ಅಲ್ಲಿಗೆ ಅವಳ ಅನುಮಾನ ಹೋಗಿ ಹೆದರಿಕೆ ಹುಟ್ಟಿತು. ಅವಳ ಸ್ವಭಾವ ಹೇಗೆಂದರೆ, ಹೆದರಿಕೆಯಾದರೆ ಏನಾದರೂ ಕೆಲಸ ಮಾಡಲೇಬೇಕು. ಇದು ವಾಯು, ನರ ಸೆಟೆದಿದೆ, ಬಿಸಿನೀರೇ ಮದ್ದು ಎಂದು ತೀರ್ಮಾನಿಸಿದಳು. ಅಂದಿನಿಂದ ದಿನಾ ಸಂಜೆ ಎಣ್ಣೆ ತಿಕ್ಕಿ, ಹಂಡೆಯ ನೀರು ಕುದಿ ಬರುವಷ್ಟು ಕಾಯಿಸಿ, ಗಂಡನನ್ನು ಬಚ್ಚಲಿಗೆ ಕಳಿಸತೊಡಗಿದಳು. ವಾಸಪ್ಪ ಕಷ್ಟಪಟ್ಟು ನಡೆದು ಬಚ್ಚಲಿಗೆ ಹೋಗುತ್ತಿದ್ದ. ಬರುವಾಗ ಗೋಡೆ ಹಿಡಿದುಕೊಂಡು, ಒಂದು ಹೆಜ್ಜೆ ಮುಂದಕ್ಕೆ ಎರಡು ಹೆಜ್ಜೆ ಪಕ್ಕಕ್ಕೆ ಇಡುತ್ತ, ಇಬ್ಬಿಬ್ಬರು ದುಗ್ಗಮ್ಮಂದಿರನ್ನು ನೋಡುತ್ತ ಬರುತ್ತಿದ್ದ.

"ಬಲಗಡೆ ನಿಂತವಳು ನೀನೋ, ಎಡಗಡೆಯವಳೋ?"

"ಬೈಯೋದು ಯಾರೋ ಅವಳೇ ನಾನು. ಕೈ ಕೊಡಿ."

ಬೇಲಿಯಾಚೆ ಮನೆಯ ಕನ್ನಮ್ಮ ಇದನ್ನೆಲ್ಲ ಕಂಡಳು. ಬಚ್ಚಲಿಗೆ ಹೋಗುವಾಗ ಒಂದು ತೂಕದ ಮನುಷ್ಯ, ಬರುವಾಗ ಇನ್ನೊಂದು ತೂಕದವನು. ಹಾಗಾದರೆ ಮಾಲು ಇರುವುದೇ ಬಚ್ಚಲಲ್ಲಿ ಎಂದು ಅವಳು ಬಾವಿಕಟ್ಟೆಯಲ್ಲಿ ಹೇಳಿದಳು. ಬಾವಿಕಟ್ಟೆಯಲ್ಲಿ ಹೇಳಿದ್ದು ಪೇಟೆಗೆ ಹೋಗಲು ಹೊತ್ತು ಹಿಡಿಯಲಿಲ್ಲ.

ಮೊದಲು ಬಂದವರು ಮುಕುಂದಯ್ಯ ಮೇಷ್ಟ್ರು. ವಾಸಪ್ಪನಿಗೆ ಮಗ್ಗಿ ಕಲಿಸಿದವರು, ಈಗ ನಿವೃತ್ತರು, ಊರಿನಲ್ಲಿ ಮರ್ಯಾದಸ್ಥರು. ದೀಪ ಹಚ್ಚುವ ಹೊತ್ತಿಗೆ ಶಾಲಿನೊಳಗೆ ಒಂದು ತಂಬಿಗೆ ಅಡಗಿಸಿಕೊಂಡು ಬಂದು, ಜಗಲಿಯ ತುದಿಯಲ್ಲಿ ಕುಳಿತರು.

"ನನ್ನ ಮಂಡಿ ಗೊತ್ತಲ್ಲ ವಾಸಪ್ಪ, ಏಳೋಕೆ ಬಿಡೋದಿಲ್ಲ. ಔಷಧಕ್ಕೆ ಅಂತ ಸ್ವಲ್ಪ ಬೇಕಿತ್ತು."

"ಎಂತದ್ದು ಮೇಷ್ಟ್ರೇ?"

"ಅದೇ, ನೀನು ತಗೊಳ್ಳೋದು."

"ನಾನು ಎಂತದ್ದೂ ತಗೊಳ್ಳೋದಿಲ್ಲ. ನನ್ನ ಕಾಲಿಗೇ ಏನೋ ಆಗಿದೆ."

"ನಂಗೂ ಕಾಲಿಗೇ ಆಗಿರೋದು. ಎಲ್ಲಿಂದ ತರ್ತೀಯ ಅಂತ ನಾನು ಕೇಳಲ್ಲ. ಒಂದು ತಂಬಿಗೆ ಸಾಕು."

ಎಷ್ಟು ಹೇಳಿದರೂ ಅವರು ಏಳಲಿಲ್ಲ. ಕೊನೆಗೆ ಒಳಗಿಂದ ದುಗ್ಗಮ್ಮ ಬಂದು, ತಂಬಿಗೆ ಇಸಿದುಕೊಂಡು, ಒಲೆಯ ಮೇಲಿದ್ದ ಜೀರಿಗೆ ಕಷಾಯ ತುಂಬಿ ಕೊಟ್ಟಳು. ಕಾಳುಮೆಣಸು ಒಂದು ಹಿಡಿ ಜಾಸ್ತಿ ಹಾಕಿದ್ದಳು. ಪೀಡೆ ತೊಲಗಲಿ ಎಂಬುದಷ್ಟೇ ಅವಳ ಉದ್ದೇಶ.

ಮರುದಿನ ಮೇಷ್ಟ್ರು ಬಸ್ ನಿಲ್ದಾಣದಲ್ಲಿ ವಾಸಪ್ಪನ ಹತ್ತಿರ ಬಂದು, ಆಚೀಚೆ ನೋಡಿ, "ಬಹಳ ಸೌಮ್ಯವಾದ ಮಾಲು," ಎಂದರು. "ಗಂಟಲಲ್ಲಿ ಉರೀತು. ಆಮೇಲೆ ಮೈಯೆಲ್ಲ ಹಗುರ. ಬೆಳಿಗ್ಗೆ ತಲೆನೋವೂ ಇಲ್ಲ. ಇಂಥದ್ದನ್ನ ನಾನು ಕಂಡಿಲ್ಲ."

ವಾಸಪ್ಪನಿಗೆ ಎಷ್ಟು ನಗು ಬಂತೆಂದರೆ ನಿಂತಲ್ಲೇ ಕಾಲು ಸಡಿಲವಾಗಿ ಬಸ್ಸಿಗೆ ಒರಗಿಕೊಂಡ. ಅದನ್ನು ನೋಡಿದವರಿಗೆ ಮೇಷ್ಟ್ರ ಮಾತಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಆ ವಾರವೆಲ್ಲ ಮುಸ್ಸಂಜೆಗೆ ಒಬ್ಬೊಬ್ಬರೇ ಬರತೊಡಗಿದರು. ಒಬ್ಬನಿಗೆ ಹೊಟ್ಟೆನೋವು, ಒಬ್ಬನಿಗೆ ಎತ್ತಿನ ಗಾಯ ತೊಳೆಯಲು ಬೇಕು, ಇನ್ನೊಬ್ಬ ಯಾವ ಕಾರಣವೂ ಹೊಳೆಯದೆ ಸುಮ್ಮನೆ ಪಾತ್ರೆ ಚಾಚಿದ. ದುಗ್ಗಮ್ಮ ಬೈದುಕೊಂಡೇ ಕಷಾಯ ಕೊಟ್ಟಳು. ಕುಡಿದವರು ಬೀದಿಯಲ್ಲಿ ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿಕೊಂಡು, ಅಷ್ಟಿಷ್ಟು ತೊದಲಿಕೊಂಡು ಹೋಗುತ್ತಿದ್ದರು. ಜೀರಿಗೆ ಕುಡಿದು ತೊದಲುವ ಗಂಡಸರನ್ನು ಕಿಟಕಿಯಲ್ಲಿ ನೋಡುತ್ತ ಗಂಡ ಹೆಂಡತಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಇಷ್ಟಾದ ಮೇಲೆ ಯಾರಾದರೂ ಮೂಗರ್ಜಿ ಹಾಕದೆ ಇರುತ್ತಾರೆಯೇ? ಒಂದು ಭಾನುವಾರ ಬೆಳಿಗ್ಗೆ ಅಬಕಾರಿ ಸಬ್ ಇನ್‌ಸ್ಪೆಕ್ಟರ್ ಹೂವಯ್ಯನವರು ಇಬ್ಬರು ಪೇದೆಗಳನ್ನು ಕರೆದುಕೊಂಡು ಬಂದಿಳಿದರು. ಹೂವಯ್ಯ ಒಳ್ಳೆಯ ಮನುಷ್ಯ, ಆದರೆ ನಗದ ಮನುಷ್ಯ. ಹುಡುಕುವಾಗ ಊರಿನ ಗಣ್ಯರೊಬ್ಬರು ಪಂಚರಾಗಿ ಇರಬೇಕೆಂದು ಹೇಳಿ ಕಳಿಸಿದಾಗ ಬಂದವರು ಮುಕುಂದಯ್ಯ ಮೇಷ್ಟ್ರೇ. ಅವರ ಮುಖ ಸುಣ್ಣದ ಹಾಗಿತ್ತು. ಅಂಗಳದ ತುಂಬ ಜನ ಸೇರಿದರು.

ಪೇದೆಗಳು ಬಚ್ಚಲೊಲೆಯ ಬೂದಿ ಕೆದಕಿದರು. ಹಂಡೆಯೊಳಗೆ ಕೈಯಾಡಿಸಿದರು. ಸೀಗೆಪುಡಿಯ ಡಬ್ಬಿಗೆ ಮೂಗಿಟ್ಟ ಪೇದೆ ಸೀನಿ ಸೀನಿ ಸುಸ್ತಾದ. ಇನ್ನೊಬ್ಬ ಅಡುಗೆ ಒಲೆಯ ಮೇಲಿದ್ದ ಪಾತ್ರೆ ಎತ್ತಿಕೊಂಡು ಬಂದು, ಅಂಗಳದ ನಡುವೆ ನಿಂತು ಒಂದು ಗುಟುಕು ಕುಡಿದ. ಜನರೆಲ್ಲ ಅವನ ಬಾಯನ್ನೇ ನೋಡಿದರು.

"ಸಾರ್, ಜೀರಿಗೆ," ಎಂದ. ಇನ್ನೊಂದು ಗುಟುಕು ಕುಡಿದು, "ಮೆಣಸು. ಚೂರು ಬೆಲ್ಲ ಕಮ್ಮಿ," ಎಂದ.

ದುಗ್ಗಮ್ಮ ಒಳಗೆ ಹೋಗಿ ಬೆಲ್ಲದ ಅಚ್ಚು ತಂದು ಅವನ ಕೈಗಿಟ್ಟಳು. ಕಷಾಯ ಕುಡಿದು ತೊದಲಿದ್ದ ಗಂಡಸರು ಒಬ್ಬರ ಹಿಂದೊಬ್ಬರು ಸರಿದು ನಿಂತರು.

ಹೂವಯ್ಯ ಬಿಡಲಿಲ್ಲ. "ಹಾಗಾದ್ರೆ ಈತ ತೂರಾಡೋದು ಯಾಕೆ? ಬಚ್ಚಲಿಂದ ಬರುವಾಗ ಪಕ್ಕದ ಮನೆಯವರು ನೋಡಿದ್ದಾರೆ."

"ಯಾಕೆ ಅಂತ ಗೊತ್ತಿದ್ರೆ ನಾನು ಮುಕ್ಕಾಲು ಕಾಡಿನ ಸೌದೆ ಉರಿಸ್ತಿದ್ನಾ ಸಾಹೇಬ್ರೇ?" ಎಂದಳು ದುಗ್ಗಮ್ಮ. "ಇಲ್ಲೇ ಇದ್ದೀರಿ. ನೀವೇ ನೀರು ಕಾಯಿಸಿ, ನೀವೇ ಹೊಯ್ದು ನೋಡಿ. ಇವರ ಕೈಗೆ ಒಂದು ತಂಬಿಗೆಯನ್ನೂ ಕೊಡಬೇಡಿ."

ವಾಸಪ್ಪ ಹೆಂಡತಿಯ ಮುಖ ನೋಡಿದ. "ದುಗ್ಗಿ, ಇಷ್ಟು ಜನರ ಎದುರಿಗಾ?"

"ಬೀದಿಯಲ್ಲಿ ತೂರಾಡೋದನ್ನ ನೋಡಿದವರೇ ಅಲ್ವಾ ಎಲ್ಲರೂ. ಟವೆಲ್ ಗಟ್ಟಿ ಕಟ್ಟಿಕೊಳ್ಳಿ."

ಹೀಗಾಗಿ ಆ ಭಾನುವಾರ ಸರ್ಕಾರದ ವತಿಯಿಂದ ವಾಸಪ್ಪನಿಗೆ ಸ್ನಾನವಾಯಿತು. ಪೇದೆಗಳು ಬಾವಿಯಿಂದ ನೀರು ಸೇದಿದರು. ಹೂವಯ್ಯ ಬೆರಳದ್ದಿ ನಾಲಗೆಗೆ ಮುಟ್ಟಿಸಿ, ನೀರು ನೀರೇ ಎಂದು ಖಾತ್ರಿ ಮಾಡಿಕೊಂಡರು. ವಾಸಪ್ಪ ಟವೆಲ್ ಉಟ್ಟು ಅಂಗಳದಲ್ಲಿ ಆ ತುದಿಯಿಂದ ಈ ತುದಿಗೆ ಎಲ್ಲರೆದುರು ನಡೆದು ತೋರಿಸಿದ. ಬೆಳಗಿನ ಹೊತ್ತಾದ್ದರಿಂದ ಕಾಲು ಅಷ್ಟೇನೂ ಎಳೆಯಲಿಲ್ಲ. ಆಮೇಲೆ ಬಚ್ಚಲ ಬಾಗಿಲು ತೆರೆದಿಟ್ಟು, ಪೇದೆಯೇ ನಿಂತು ಬಿಸಿನೀರು ಹೊಯ್ಯತೊಡಗಿದ. ಹಂಡೆ ಅರ್ಧ ಖಾಲಿಯಾಗುವಷ್ಟರಲ್ಲಿ ವಾಸಪ್ಪನ ಮೈ ಕೆಂಪಗಾಯಿತು, ಕಣ್ಣು ಮಸುಕಾಯಿತು.

"ಏಳು, ಬಾ," ಎಂದರು ಹೂವಯ್ಯ.

ವಾಸಪ್ಪ ಎದ್ದ. ಹೊಸ್ತಿಲು ದಾಟಿದ. ಎಡಕ್ಕೆ ಹೊರಟವನು ಬಲಕ್ಕೆ ಬಂದ. ತುಳಸಿಕಟ್ಟೆಯನ್ನು ತಪ್ಪಿಸಲು ಹೋಗಿ ಅದನ್ನೇ ಅಪ್ಪಿಕೊಂಡ. ಅಲ್ಲಿಂದ ಬಿಡಿಸಿಕೊಂಡು ಸೀದಾ ಹೂವಯ್ಯನವರ ಎದೆಯ ಮೇಲೆ ಬಿದ್ದ. ಅವರು ಎರಡೂ ಕೈಯಲ್ಲಿ ಹಿಡಿದುಕೊಂಡು, ಮುಖದ ಹತ್ತಿರ ಮೂಗು ತಂದು ಉಸಿರೆಳೆದರು.

"ಏನೂ ಇಲ್ಲ," ಎಂದರು. ಮತ್ತೊಮ್ಮೆ ಮೂಸಿ, "ಸೀಗೆಪುಡಿ," ಎಂದರು.

ಆಗ ಮುಕುಂದಯ್ಯ ಮೇಷ್ಟ್ರು ಮೆಲ್ಲಗೆ ಬಚ್ಚಲ ಕಡೆ ಹೋಗಿ, ಹಂಡೆಯ ನೀರನ್ನು ಬೊಗಸೆಯಲ್ಲಿ ತೆಗೆದು ಕುಡಿದರು. ಅವರ ಹಿಂದೆಯೇ ಇನ್ನಿಬ್ಬರು ಹೋದರು. ಕುಡಿದು, ಏನಾದರೂ ಆಗುತ್ತದೇನೋ ಎಂದು ಕಾದು ನಿಂತರು. ಏನೂ ಆಗಲಿಲ್ಲ. ನಗದ ಮನುಷ್ಯ ಹೂವಯ್ಯ, ವಾಸಪ್ಪನನ್ನು ತಬ್ಬಿಕೊಂಡೇ ಅದನ್ನು ನೋಡುತ್ತಿದ್ದವರು, ಒಮ್ಮೆಲೇ ನಗಲು ಶುರುಮಾಡಿದರು. ಅವರ ಎದೆ ಕುಲುಕಿದ್ದಕ್ಕೆ ವಾಸಪ್ಪನೂ ಕುಲುಕಿದ, ಅವನಿಗೂ ನಗು ಹತ್ತಿತು. ನಗು ಅಂಗಳಕ್ಕೆಲ್ಲ ಹರಡಿತು. ಬೇಲಿಯಾಚೆ ಕನ್ನಮ್ಮ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು.

ದುಗ್ಗಮ್ಮ ಒಬ್ಬಳೇ ನಗಲಿಲ್ಲ. ಬಾವಿಯಿಂದ ಒಂದು ಕೊಡ ತಣ್ಣೀರು ಸೇದಿ ತಂದು, "ಸಾಕು, ಇನ್ನು ಕಾವು ಇಳೀಲಿ," ಎನ್ನುತ್ತ ಗಂಡನ ನೆತ್ತಿಗೆ ಸುರಿದಳು. ಇನ್ನೊಂದು ಕೊಡ ಸುರಿದಳು. ಅವನು ಹಲ್ಲು ಕಟಕಟಿಸುತ್ತ ಕಲ್ಲಿನ ಮೇಲೆ ಕುಳಿತ. ಹೂವಯ್ಯ ತಮ್ಮ ಒದ್ದೆ ಅಂಗಿ ಹಿಂಡಿಕೊಂಡು, ಒಂದು ಎಲೆ ಅಡಿಕೆ ಹಾಕಿ ಮುಗಿಸುವಷ್ಟರಲ್ಲಿ ವಾಸಪ್ಪ ತಾನಾಗಿ ಎದ್ದು, ಟವೆಲ್ ಬಿಗಿಮಾಡಿಕೊಂಡು, ನೆಟ್ಟಗೆ ಮನೆಯೊಳಗೆ ನಡೆದು ಹೋದ. ನಗು ನಿಂತಿತು.

"ಅಮ್ಮಾ," ಎಂದರು ಹೂವಯ್ಯ ದುಗ್ಗಮ್ಮನಿಗೆ, "ಇದು ನನ್ನ ಕೇಸಲ್ಲ. ದೊಡ್ಡ ಡಾಕ್ಟರ ಕೇಸು. ತಡ ಮಾಡಬೇಡಿ."

ಆಗುಂಬೆ ಘಾಟಿ ಇಳಿದು ಗಂಡ ಹೆಂಡತಿ ದೊಡ್ಡ ಆಸ್ಪತ್ರೆಗೆ ಹೋದರು. ಅಲ್ಲಿ ವಾಗ್ದೇವಿ ಎಂಬ ಲೇಡಿ ಡಾಕ್ಟರು ವಾಸಪ್ಪನ ಮಂಡಿಗೆ ಸುತ್ತಿಗೆ ಬಡಿದರು, ಪಾದದಡಿ ಕೀಲಿಕೈಯಲ್ಲಿ ಗೀರಿದರು, ಕಣ್ಣೊಳಗೆ ದೀಪ ಬಿಟ್ಟರು. ಕಣ್ಣಿನ ಕಥೆ, ಕರೆಂಟಿನ ಕಥೆ ಎಲ್ಲ ಕೇಳಿದರು. ಬಿಸಿನೀರಿನ ಸಂಗತಿಯನ್ನು ದುಗ್ಗಮ್ಮ ಸಂಕೋಚದಿಂದ ಹೇಳಿದಾಗ ಪೆನ್ನು ಕೆಳಗಿಟ್ಟು, "ಇನ್ನೊಂದ್ಸಲ ಹೇಳಿ," ಎಂದರು. ಈ ಕಾಯಿಲೆಯ ಅನುಮಾನವಿದ್ದರೆ ಡಾಕ್ಟರುಗಳೂ ಹಾಗೇ ಬಿಸಿನೀರಲ್ಲಿ ಕೂರಿಸಿ ನೋಡುತ್ತಾರಂತೆ. ಕೆಲವು ದಿನ ಇಟ್ಟುಕೊಂಡು, ಬೆನ್ನುಹುರಿಯಿಂದ ನೀರು ತೆಗೆದು ನೋಡಿ, ಕೊನೆಗೆ ಹೆಸರು ಹೇಳಿದರು. ಮಲ್ಟಿಪಲ್ ಸ್ಕ್ಲಿರೋಸಿಸ್.

"ವೈರಿನ ಮೇಲಿನ ರಬ್ಬರು ಅಲ್ಲಲ್ಲಿ ಕಿತ್ತು ಹೋದ ಹಾಗೆ. ಒಳಗಿನ ನರ ಇದೆ, ಮೇಲಿನ ಹೊದಿಕೆ ಹಾಳಾಗಿದೆ. ಮೈ ಬಿಸಿಯಾದರೆ ಸುದ್ದಿ ಸರಿಯಾಗಿ ದಾಟೋದಿಲ್ಲ," ಎಂದರು ಡಾಕ್ಟರು. "ನಮ್ಮ ಕಡೆ ಅಪರೂಪ."

"ಅಪರೂಪದ್ದು ನನಗ್ಯಾಕೆ ಬಂತಮ್ಮಾ?"

"ಅದು ಯಾರಿಗೂ ಗೊತ್ತಿಲ್ಲ ವಾಸಪ್ಪ. ವಾಸಿ ಮಾಡೋ ಮದ್ದೂ ಇನ್ನೂ ಇಲ್ಲ. ಬರುತ್ತೆ, ಹೋಗುತ್ತೆ. ಪ್ರತಿಸಲ ಹೋಗುವಾಗ ಸ್ವಲ್ಪ ಏನಾದರೂ ತಗೊಂಡು ಹೋಗಬಹುದು."

"ಸಾಯ್ತೀನಾ?"

"ಇದರಿಂದ ಈಗಲೇ ಅಲ್ಲ. ಇದರ ಜೊತೆ ಬಾಳಬೇಕಾಗುತ್ತೆ."

ವಾಪಸು ಬರುವ ಬಸ್ಸಿನಲ್ಲಿ ದುಗ್ಗಮ್ಮ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದಳು. ಅವಳ ಭುಜ ನಡುಗುವುದು ವಾಸಪ್ಪನಿಗೆ ತಿಳಿಯುತ್ತಿತ್ತು. ತಾನು ತಿಂಗಳುಗಟ್ಟಲೆ ಗಂಡನಿಗೆ ಕಾಯಿಲೆಯನ್ನೇ ಕಾಯಿಸಿ ಹೊಯ್ದೆ ಎಂಬುದು ಅವಳ ಸಂಕಟ. ಅಷ್ಟರಲ್ಲಿ ಘಾಟಿ ಬಂತು. ಮೊದಲ ತಿರುವಿನಲ್ಲಿ ಪ್ರಯಾಣಿಕರೆಲ್ಲ ಎಡಕ್ಕೆ ವಾಲಿದರು, ಎರಡನೆಯದಕ್ಕೆ ಬಲಕ್ಕೆ. ನಿಂತಿದ್ದ ಕಂಡಕ್ಟರು ಒಬ್ಬ ಅಜ್ಜಿಯ ಮಡಿಲಲ್ಲಿ ಕುಳಿತ.

"ನೋಡೇ," ಎಂದ ವಾಸಪ್ಪ ಅವಳ ಕಿವಿಯಲ್ಲಿ, "ಡಾಕ್ಟರಮ್ಮ ಅಪರೂಪ ಅಂದ್ರು. ಇಲ್ಲಿ ಬಸ್ಸಿಗೇ ಬಂದಿದೆ."

ದುಗ್ಗಮ್ಮ ತಿರುಗಿ ನೋಡಿದಳು. ಅಳುತ್ತಿದ್ದವಳಿಗೆ ಫಕ್ಕನೆ ನಗು ಬಂತು. ಪ್ರತಿ ತಿರುವಿಗೂ ನಕ್ಕರು. ನಗು ನಿಲ್ಲಿಸಲು ಹೋದಷ್ಟೂ ಜಾಸ್ತಿಯಾಯಿತು. ಘಾಟಿ ಮುಗಿಯುವಾಗ ಕಣ್ಣಲ್ಲಿ ಹರಿಯುತ್ತಿದ್ದುದು ಎಂಥ ನೀರೆಂದು ಇಬ್ಬರಿಗೂ ಹೇಳಲು ಬರುತ್ತಿರಲಿಲ್ಲ.

ಊರಿಗೆ ಬಂದಾಗ ಬಸ್ಸಿನ ಧಣಿ ಮಂಜುನಾಥಪ್ಪನವರು ಕೆಲಸದಿಂದ ತೆಗೆಯುವ ಯೋಚನೆಯಲ್ಲಿದ್ದರು. ಹೂವಯ್ಯನವರೇ ಹೋಗಿ ಮಾತಾಡಿದರು. "ಈ ತಾಲ್ಲೂಕಿನಲ್ಲಿ ಕುಡಿಯೋದಿಲ್ಲ ಅಂತ ಸರ್ಕಾರ ಮುಟ್ಟಿ ಮೂಸಿ ನೋಡಿರೋನು ಇವನೊಬ್ಬನೇ. ಬೇರೆ ಯಾರ ಬಗ್ಗೆಯೂ ನಾನು ಗ್ಯಾರಂಟಿ ಕೊಡಲಾರೆ." ಮಂಜುನಾಥಪ್ಪ ನಕ್ಕರು, ಕೆಲಸ ಉಳಿಯಿತು. ಸಾಮಾನು ಹೇರಲು ಬಸ್ಸಿನ ತಲೆಯ ಮೇಲೆ ಹತ್ತುವಂತಿಲ್ಲ ಎಂದಾಯಿತು. ಮುಂದೆ ಒಂದು ಹೊತ್ತಿನ ಟ್ರಿಪ್ಪು, ಇನ್ನೊಂದು ಹೊತ್ತು ನಿಲ್ದಾಣದಲ್ಲಿ ಕೂತು ಟಿಕೇಟು ಕೊಡುವ ಕೆಲಸ ಎಂದಾಯಿತು.

ಮನೆಯ ಕ್ರಮವೂ ಬದಲಾಯಿತು. ಬಿಸಿನೀರಿಲ್ಲದೆ ಬದುಕಲಾರದ ಊರಲ್ಲಿ ವಾಸಪ್ಪ ಮಾಗಿಯ ಚಳಿಯಲ್ಲೂ ತಣ್ಣೀರು ಮೀಯತೊಡಗಿದ. ಅವನು ಹೊಯ್ದುಕೊಳ್ಳುವಾಗ ಹಾಕುವ ಕೂಗಿಗೆ ಕನ್ನಮ್ಮನ ಮನೆಯವರು ಎದ್ದು ಒಲೆ ಹಚ್ಚುತ್ತಿದ್ದರು. ಕೊರಳಿಗೆ ಯಾವಾಗಲೂ ಒಂದು ಒದ್ದೆ ಪಂಚೆ. ಎರಡೆರಡು ಕಾಣುವ ದಿನ ಒಂದು ಕಣ್ಣಿಗೆ ದುಗ್ಗಮ್ಮ ಹೊಲಿದ ಕಪ್ಪು ಬಟ್ಟೆ. ಸುಸ್ತು ಬಂದರೆ ಚೀಲ ಇಳಿಸಿದ ಹಾಗೆ ಎಲ್ಲೆಂದರಲ್ಲಿ ಮಲಗಿಬಿಡಬೇಕು. ಅದೊಂದನ್ನು ಜನಕ್ಕೆ ಅರ್ಥಮಾಡಿಸಲು ಅವನಿಂದ ಆಗಲೇ ಇಲ್ಲ. "ಮಲಗಿ ಎದ್ದೀಯಲ್ಲ, ಮತ್ತೆ ಎಂತ ಸುಸ್ತು?" ಎನ್ನುವರು. "ನಿಮ್ಮ ಸುಸ್ತೇ ಬೇರೆ, ನಂದೇ ಬೇರೆ ಮಾರಾಯ್ರೇ," ಎಂದು ಸುಮ್ಮನಾಗುವನು.

ಮರುವರ್ಷ ಬೇಸಿಗೆಯಲ್ಲಿ ಕಾಯಿಲೆ ತಿರುಗಿ ಬಂತು. ಸೊಂಟದಿಂದ ಕೆಳಗೆ ಮರಗಟ್ಟಿ, ವಾಸಪ್ಪ ಹಾಸಿಗೆ ಹಿಡಿದ. ಆ ದಿನಗಳಲ್ಲಿ ತಮಾಷೆ ಏನೂ ಇರಲಿಲ್ಲ. ದುಗ್ಗಮ್ಮ ಎತ್ತಿ ಕೂರಿಸಬೇಕು, ಹೊರಗೆ ಕರೆದೊಯ್ಯಬೇಕು. ಒಮ್ಮೆ ಅವನು ಗಂಜಿಯ ಲೋಟ ಗೋಡೆಗೆ ಎಸೆದ. ಅವಳು ಗೋಡೆ ಒರೆಸಿ, ಇನ್ನೊಂದು ಲೋಟ ತಂದಿಟ್ಟು, "ಇದನ್ನ ಕುಡಿದು ಎಸೀರಿ. ತುಂಬಿದ್ದನ್ನ ಎಸೆದ್ರೆ ಒರೆಸೋದು ಕಷ್ಟ," ಎಂದಳು. ಅವನು ಕುಡಿದ. ಎಸೆಯಲಿಲ್ಲ.

ಮಳೆ ಹಿಡಿದ ಮೇಲೆ ಕಾಲು ಒಂದಿಷ್ಟು ಮರಳಿತು, ಪೂರ್ತಿಯಲ್ಲ. ಕೋಲು ಬೇಕಾಯಿತು. ಹೊರಗೆ ಹೋಗಲು ನಾಚಿಕೊಂಡು ಮನೆಯಲ್ಲೇ ಕೂತವನನ್ನು ದುಗ್ಗಮ್ಮ ಒಂದು ಬೆಳಿಗ್ಗೆ ಹೊರಡಿಸಿದಳು.

"ಎಲ್ಲಿಗೆ?"

"ಜೋಗಕ್ಕೆ. ಹತ್ತು ವರ್ಷ ಸಾಗರದವರೆಗೆ ಸೀಟಿ ಊದಿದ್ರಿ, ಒಂದು ದಿನ ನನ್ನನ್ನ ಕರ್ಕೊಂಡು ಹೋದ್ರಾ?"

ಸಾಗರದಲ್ಲಿ ಬಸ್ಸು ಬದಲಿಸಿ ಜೋಗಕ್ಕೆ ಹೋಗುವಷ್ಟರಲ್ಲಿ ಮಧ್ಯಾಹ್ನ. ಮಳೆ ಆಗಷ್ಟೇ ಬಿಟ್ಟಿತ್ತು. ಕಣಿವೆಯಿಂದ ಮಂಜು ಎದ್ದು ಎದ್ದು ಬಂದು ಮುಖಕ್ಕೆ ಹೊಡೆಯುತ್ತಿತ್ತು. ಜಲಪಾತದ ಸದ್ದು ಕೇಳುತ್ತಿತ್ತೇ ಹೊರತು ನೀರು ಕಾಣುತ್ತಿರಲಿಲ್ಲ. ಒಂದೇ ಕ್ಷಣದಲ್ಲಿ ಇಬ್ಬರ ಬಟ್ಟೆಯೂ ತೊಯ್ದಿತು. ವಾಸಪ್ಪ ಮೊದಲು ಕೋಲು ಊರಿಕೊಂಡೇ ನಡೆದ. ಮೈ ತಣ್ಣಗಾದಂತೆ ಕಾಲಿಗೆ ಸುದ್ದಿ ಮುಟ್ಟತೊಡಗಿತು. ಕೋಲನ್ನು ಕಂಕುಳಲ್ಲಿ ಇಟ್ಟುಕೊಂಡ. ಹೆಜ್ಜೆ ಬೇಗ ಬೇಗ ಬಿತ್ತು. ಅಷ್ಟೇನೂ ನೆಟ್ಟಗಲ್ಲ, ಒಂಚೂರು ಓರೆ, ಆದರೂ ನಡಿಗೆಯೇ.

"ನಿಲ್ಲಿ ಮಾರಾಯ್ರೇ," ಎಂದು ಹಿಂದಿನಿಂದ ದುಗ್ಗಮ್ಮ ಕೂಗಿದಳು. ಒದ್ದೆ ಸೀರೆ ಕಾಲಿಗೆ ಸುತ್ತಿಕೊಂಡು ಅವಳೇ ಮುಗ್ಗರಿಸುತ್ತಿದ್ದಳು.

"ಎಂತ, ಕುಡಿದಿದ್ದೀಯಾ?" ಎಂದು ಅವನು ತಿರುಗದೆ ಕೇಳಿದ.

ಅವಳು ಬೈಯುತ್ತ, ನಗುತ್ತ, ಸೀರೆ ಎತ್ತಿ ಹಿಡಿದು ಓಡಿದಳು. ಅವನು ಇನ್ನೂ ಜೋರು ಮಾಡಿದ. ಜೋಗ ನೋಡಲು ಬಂದಿದ್ದ ನಾಲ್ಕಾರು ಜನ ಮಂಜಿನೊಳಗಿನ ಜಲಪಾತ ಬಿಟ್ಟು ಇವರನ್ನೇ ನೋಡಿದರು. ಕಣಿವೆಯಂಚಿನ ಕಟಾಂಜನದ ಕಂಬಿ ಹಿಡಿದು ಅವನು ನಿಂತ. ಅವಳು ಬಂದು ಅವನ ಅಂಗಿ ಹಿಡಿದುಕೊಂಡು ಏದುಸಿರು ಬಿಟ್ಟಳು. ಅಷ್ಟರಲ್ಲಿ ಗಾಳಿಗೆ ಮಂಜು ಸರಿದು, ಎದುರಿಗೆ ನೀರು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ಪೂರ್ತಿ ಕಂಡು, ಮತ್ತೆ ಮುಚ್ಚಿಕೊಂಡಿತು.

"ಕಂಡ್ತಾ?" ಎಂದ ವಾಸಪ್ಪ.

"ಕಂಡ್ತು. ನಿಮಗೆ ಎಷ್ಟು ಕಂಡ್ತು?"

ಅವನು ಒಂದು ಕಣ್ಣು ಮುಚ್ಚಿ ನೋಡಿದ, ಇನ್ನೊಂದು ಮುಚ್ಚಿ ನೋಡಿದ. "ಜೋಗದಲ್ಲಿ ನಾಲ್ಕು ಧಾರೆ ಅಂತಾರೆ. ನಾನು ಎಂಟು ನೋಡಿದೆ," ಎಂದ.

ಮತ್ತೆ ಮಳೆ ಹಿಡಿಯಿತು. ಕೊನೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಅವರು ಅಲ್ಲೇ ನಿಂತುಕೊಂಡರು.